ಖುಕುರಿಗೆ ನೀರು ಕೊಡುವವರು

ಅರ್ಧರಾತ್ರಿಯಲ್ಲಿ ಬೀದಿಯ ಕೊನೆಯಿಂದ ಸಿಳ್ಳಿನ ದನಿ ಕೇಳಿ, ಅದರ ಹಿಂದೆಯೇ ಕೋಲು ನೆಲಕ್ಕೆ ಕುಟ್ಟಿದ ಸದ್ದಾದರೆ, “ಗೂರ್ಖ ಬಂದ” ಎಂದು ಮಗ್ಗುಲು ಬದಲಿಸಿ ನಿಶ್ಚಿಂತೆಯಿಂದ ಮಲಗಿದವರು ನಮ್ಮ ಪಟ್ಟಣಗಳಲ್ಲಿ ಅಸಂಖ್ಯರು. ಆತನ ಸೊಂಟದಲ್ಲಿ ಬಾಗಿದ ಕತ್ತಿಯೊಂದು ಇದ್ದೇ ಇರುವುದೆಂದೂ, ಒರೆಯಿಂದ ಒಮ್ಮೆ ಹಿರಿದರೆ ಅದು ರಕ್ತವನ್ನು ಕಾಣದೆ ಹಿಂದಿರುಗದೆಂದೂ ಬಾಲ್ಯದಲ್ಲಿ ನಂಬದವರು ಯಾರು? ಕಥೆ ಸೊಗಸಾಗಿದೆ, ನಿಜವಲ್ಲ. ನೇಪಾಳದ ಬೆಟ್ಟಗಳಲ್ಲಿ ಗೃಹಿಣಿ ಅದೇ ಖುಕುರಿಯಿಂದ ಕುಂಬಳಕಾಯಿ ಹೋಳು ಮಾಡುತ್ತಾಳೆ, ಗಂಡ ಸೌದೆ ಸೀಳುತ್ತಾನೆ, ಬಿದಿರು ಕಡಿಯುತ್ತಾನೆ. ಪ್ರತಿ ಸಲವೂ ಅದು ರಕ್ತ ಬೇಡುವುದಾದರೆ ಆ ಮನೆಯಲ್ಲಿ ಅಡುಗೆಯಾಗುವುದೆಂತು?

ಈ ಕತ್ತಿಯನ್ನು ಹಿಡಿದವನ ಕೀರ್ತಿಯನ್ನು ಲೋಕವೆಲ್ಲ ಬಲ್ಲದು. 1814ರಿಂದ 1816ರ ವರೆಗೆ ನಡೆದ ಯುದ್ಧದಲ್ಲಿ ನೇಪಾಳಿ ಯೋಧರ ಕೈಚಳಕವನ್ನು ಕಂಡ ಆಂಗ್ಲರು, ಯುದ್ಧ ಮುಗಿಯುವ ಮುನ್ನವೇ, 1815ರಲ್ಲಿ, ಅವರನ್ನು ತಮ್ಮ ದಂಡಿಗೆ ಸೇರಿಸಿಕೊಳ್ಳತೊಡಗಿದರು. 1947ರಲ್ಲಿ ಗೂರ್ಖ ರೆಜಿಮೆಂಟುಗಳು ಹಂಚಿಕೆಯಾದಾಗ ಆರು ಭಾರತಕ್ಕೂ ನಾಲ್ಕು ಬ್ರಿಟನ್ನಿಗೂ ಸಂದವು. ಒಂದರ ಮೇಲೊಂದು ಅಡ್ಡವಾಗಿಟ್ಟ ಜೋಡಿ ಖುಕುರಿ ಇಂದಿಗೂ ಗೂರ್ಖ ಪಡೆಗಳ ಲಾಂಛನ. ಆದರೆ ಕತ್ತಿಯನ್ನು ಮಾಡಿದವನು ಯಾರು? ಆತನನ್ನು ಕುರಿತು ಹೇಳುವ ಮುನ್ನ ಆತನ ಕೆಲಸವನ್ನು ನೋಡಬೇಕು.

ಸಾಧಾರಣ ಖುಕುರಿಯ ಅಲಗು ಹತ್ತು ಹನ್ನೆರಡು ಅಂಗುಲ ಉದ್ದ. ಬೆನ್ನಿನ ದಪ್ಪ ಕಾಲು ಅಂಗುಲಕ್ಕೂ ಮಿಗಿಲು. ಹಿಡಿಯಿಂದ ಸ್ವಲ್ಪ ದೂರ ನೇರವಾಗಿ ಸಾಗಿ, ಬಳಿಕ ಮುಂದಕ್ಕೆ ತಲೆಬಾಗಿ, ಅಲ್ಲಿ ಅಗಲವಾಗಿ, ಕೊನೆಗೆ ಚೂಪಾಗುತ್ತದೆ. ಭಾರವೆಲ್ಲ ಮುಂದಿನ ಹೊಟ್ಟೆಯಲ್ಲಿ. ತೋಳು ಬೀಸಿದಾಗ ಕೈ ಕಮಾನಿನಂತೆ ಚಲಿಸುವುದಷ್ಟೆ? ನೇರ ಕತ್ತಿ ಬಿದ್ದ ಕಡೆ ಬಡಿದು ನಿಲ್ಲುತ್ತದೆ. ಮುಂದಕ್ಕೆ ಬಾಗಿದ ಅಲಗು ಬಡಿಯುತ್ತಲೇ ಕೊಯ್ಯುತ್ತ ಸಾಗುತ್ತದೆ, ಮಣಿಕಟ್ಟನ್ನು ತಿರುಚುವ ಶ್ರಮವಿಲ್ಲ. ನಮ್ಮ ಮಲೆನಾಡಿನ ರೈತ ಬೇಲಿ ಸವರುವ ಕತ್ತಿಯ ಮೂತಿ ಬಾಗಿರುವುದೂ, ಕೊಡವರು ಬೆನ್ನ ಹಿಂದೆ ತೊಡಂಗಿಗೆ ಸಿಕ್ಕಿಸಿಕೊಳ್ಳುವ ಒಡಿಕತ್ತಿ ಅಗಲವಾಗಿ ಬಾಗಿರುವುದೂ ಇದೇ ಗುಟ್ಟಿನಿಂದ. ಹಿಡಿಯ ಬಳಿ ಬಾಯಿಯಲ್ಲಿ ಕೊರೆದ ಸಣ್ಣ ಕಚ್ಚೊಂದುಂಟು. ಅದು ಶಿವನ ತ್ರಿಶೂಲವೆನ್ನುವರು, ಗೋವಿನ ಗೊರಸೆನ್ನುವರು, ರಕ್ತ ಹಿಡಿಗೆ ಹರಿಯದಂತೆ ತಡೆಯುವ ಉಪಾಯವೆನ್ನುವರು. ಕಚ್ಚು ಒಂದೇ, ವ್ಯಾಖ್ಯಾನ ಹಲವು!

ಕಡಿಯುವುದರಲ್ಲಿ ಇಷ್ಟು ಸಮರ್ಥವಾದ ಆಯುಧಕ್ಕೆ ಬೀಸಲು ಜಾಗ ಬೇಕು. 1945ರ ಮಾರ್ಚ್ 5ರಂದು ಬರ್ಮಾದ ಅರಕಾನ್ ಪ್ರಾಂತದ ತಮಂದು ಎಂಬಲ್ಲಿ ಭಾನುಭಕ್ತ ಗುರುಂಗನೆಂಬ ಗೂರ್ಖ ಸಿಪಾಯಿ ಜಪಾನೀಯರ ಕಂದಕಗಳನ್ನು ಒಬ್ಬನೇ ಒಂದೊಂದಾಗಿ ಗೆದ್ದುಕೊಂಡು, ಕೊನೆಗೆ ಮೆಷಿನ್‌ಗನ್ ಅಡಗಿಸಿಟ್ಟಿದ್ದ ಕೋಣೆಯೊಂದರ ಮಾಡಿನ ಮೇಲೆ ಹಾರಿ ಒಳಕ್ಕೆ ಹೊಗೆಬಾಂಬು ಎಸೆದ. ಹೊರಕ್ಕೆ ಓಡಿಬಂದ ಇಬ್ಬರು ಖುಕುರಿಗೆ ಆಹುತಿಯಾದರು. ಒಳಗೆ ಉಳಿದಿದ್ದ ಬಂದೂಕಿನವನನ್ನು ಎದುರಿಸಲು ತೆವಳಿ ನುಗ್ಗಿದಾಗ ಖುಕುರಿಯೆತ್ತಲು ಎಡೆಯಿಲ್ಲ! ಕೈಗೆ ಸಿಕ್ಕ ಕಲ್ಲಿನಿಂದಲೇ ಕೆಲಸ ಮುಗಿಸಬೇಕಾಯಿತು. ಆತನಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಇಕ್ಕಟ್ಟಿನಲ್ಲಿ ತಿವಿಯುವ ಕೆಲಸಕ್ಕೆ ಖುಕುರಿ ಹುಟ್ಟಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕೆ?

ಇನ್ನು ಕುಲುಮೆಗೆ ಬರೋಣ. ಇಂದು ಖುಕುರಿಯ ಉಕ್ಕು ಬಹುಮಟ್ಟಿಗೆ ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿಯಿಂದ ಬರುತ್ತದೆ. ನಮ್ಮ ಕಮ್ಮಾರರೂ ಮಚ್ಚಿಗೆ ಅದನ್ನೇ ಮೆಚ್ಚುತ್ತಾರೆ. ನೂರಕ್ಕೆ ಸುಮಾರು 0.6 ಪಾಲು ಇಂಗಾಲವಿರುವ ಈ ಉಕ್ಕು ಸಾವಿರ ಸಲ ಕುಲುಕಿದರೂ ಮುರಿಯದಂತೆ ತಯಾರಾದದ್ದು. ಕಮ್ಮಾರ ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಿದ್ದಂತೆ ಸಹಾಯಕರು ಸರದಿಯಾಗಿ ಸುತ್ತಿಗೆ ಬೀಸುತ್ತಾರೆ. ಆಕಾರ ಬಂದ ಮೇಲೆ ಅರ, ಸಾಣೆಗಳ ಕೆಲಸ. ಇಷ್ಟನ್ನು ಯಾವ ಊರಿನ ಕಮ್ಮಾರನಾದರೂ ಮಾಡಿಯಾನು.

ಆಮೇಲಿನದು ಕೆಲವೇ ಕ್ಷಣಗಳ ಕೆಲಸ. ಕತ್ತಿಯ ಹಣೆಬರಹ ನಿರ್ಧಾರವಾಗುವುದು ಅಲ್ಲಿಯೇ. ಅಲಗನ್ನು ಮತ್ತೆ ಕೆಂಪಾಗಿ ಕಾಯಿಸುತ್ತಾರೆ. ಉಷ್ಣಮಾಪಕವಿಲ್ಲ, ಮಬ್ಬುಬೆಳಕಿನಲ್ಲಿ ಬಣ್ಣವನ್ನು ನೋಡಿ ಕಣ್ಣೇ ಹೇಳಬೇಕು. ಕಾದ ಅಲಗನ್ನು ತೊಟ್ಟಿಯಲ್ಲಿ ಅದ್ದುವುದಿಲ್ಲ. ಬಾಯಿಯನ್ನು ಮೇಲು ಮಾಡಿ ಹಿಡಿದು, ಚಹದ ಕೆಟಲಿನಂಥ ಪಾತ್ರೆಯ ಕೊಕ್ಕಿನಿಂದ ಬಾಯಿಯ ಅಂಚಿನ ಮೇಲೆ ಮಾತ್ರ ಸಣ್ಣ ಧಾರೆಯಾಗಿ ನೀರೆರೆಯುತ್ತಾರೆ, ಅತ್ತಿಂದಿತ್ತ, ಇತ್ತಿಂದತ್ತ. ಕಾದ ಉಕ್ಕು ಥಟ್ಟನೆ ತಣಿದಾಗ ಒಳಗೆ ಬೆರೆತ ಇಂಗಾಲ ಹೊರಬರಲಾಗದೆ ಸಿಕ್ಕಿಬೀಳುತ್ತದೆ. ಉಕ್ಕು ಗಾಜಿನಂತೆ ಬಿರುಸಾಗುತ್ತದೆ. ನಿಧಾನವಾಗಿ ತಣಿದ ಬೆನ್ನು ಮೆತ್ತಗೆ ಉಳಿಯುತ್ತದೆ. ಧಾರೆ ನಿಂತೊಡನೆ ಬೆನ್ನಿನಲ್ಲಿ ಉಳಿದ ಕಾವು ಮೆಲ್ಲನೆ ಬಾಯಿಗೆ ಹರಿದು ಅಲ್ಲಿಯ ಬಿರುಸನ್ನು ತುಸು ಇಳಿಸುತ್ತದೆ. ನೀರು ಹೆಚ್ಚಾದರೆ ಬಾಯಿ ಸಿಡಿಯುವುದು. ಕಡಮೆಯಾದರೆ ಮೊದಲ ಏಟಿಗೇ ಮಡಿಚಿಕೊಳ್ಳುವುದು. ಈ ಹದಕ್ಕೆ ನೇಪಾಳಿಯಲ್ಲಿ ಹೆಸರು ‘ಪಾನಿ’, ಎಂದರೆ ನೀರು. ಒಳ್ಳೆಯ ಖುಕುರಿಯೆಂದರೆ ಒಳ್ಳೆಯ ನೀರು ಕುಡಿದದ್ದು.

ಅಲಗೆಲ್ಲ ಬಿರುಸಾಗಿದ್ದರೆ ಇನ್ನೂ ಚೆನ್ನಲ್ಲವೆ ಎಂದು ಕೇಳುವವರುಂಟು. ದೂರದ ಅಮೆರಿಕದಲ್ಲಿ ಕೈಯಿಂದ ಕತ್ತಿ ಮಾಡುವವರು 1976ರಲ್ಲಿ ‘ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ’ಯನ್ನು ಕಟ್ಟಿಕೊಂಡರು. ಅವರ ಪರೀಕ್ಷೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ತೂಗುಬಿಟ್ಟ ಒಂದಂಗುಲ ದಪ್ಪದ ಹಗ್ಗವನ್ನು ಅಭ್ಯರ್ಥಿಯ ಕತ್ತಿ ಒಂದೇ ಏಟಿಗೆ ತುಂಡರಿಸಬೇಕು. ಬಳಿಕ ಮರದ ತೊಲೆಯನ್ನು ಎರಡು ಸಲ ಕಡಿಯಬೇಕು. ಅಷ್ಟಾದ ಮೇಲೂ, ಮತ್ತೆ ಸಾಣೆ ಹಿಡಿಯದೆ, ತೋಳಿನ ಕೂದಲನ್ನು ಬೋಳಿಸಬೇಕು. ಕೊನೆಗೆ ಅದನ್ನು ಇಕ್ಕಳಕ್ಕೆ ಸಿಕ್ಕಿಸಿ ತೊಂಬತ್ತು ಡಿಗ್ರಿ ಬಾಗಿಸುತ್ತಾರೆ. ಮುರಿದರೆ ಅಭ್ಯರ್ಥಿ ಅನುತ್ತೀರ್ಣ. ಪೂರ್ತಿ ಬಿರುಸಾದ ಕತ್ತಿ ಮೊದಲ ಮೂರರಲ್ಲಿ ಗೆದ್ದು ನಾಲ್ಕನೆಯದರಲ್ಲಿ ಎರಡು ತುಂಡಾದೀತು. ಮೆತ್ತಗಿನದು ಕೊನೆಯದರಲ್ಲಿ ಗೆದ್ದು ಉಳಿದುದರಲ್ಲಿ ಸೋತೀತು. ಬೆನ್ನು ಮೆತ್ತಗೆ, ಬಾಯಿ ಬಿರುಸು ಇದ್ದುದು ಮಾತ್ರ ಎಲ್ಲದರಲ್ಲಿಯೂ ಪಾರಾಗುತ್ತದೆ. ಹಿಮಾಲಯದ ಕಮ್ಮಾರ ಇದನ್ನು ಸಂಘ ಪರೀಕ್ಷೆಗಳ ಗೊಡವೆಯಿಲ್ಲದೆ ತಂದೆಯ ಕೈ ನೋಡಿ ಕಲಿತಿದ್ದ.

ಹಿಡಿಯ ವಿಷಯ ನಾಲ್ಕು ಮಾತು. ಅಲಗಿನ ಬಾಲವನ್ನು ಕಾಯಿಸಿ ಮರದ ಅಥವಾ ಎಮ್ಮೆಕೊಂಬಿನ ಹಿಡಿಗೆ ತೂರಿಸಿ ಅರಗಿನ ಅಂಟಿನಿಂದ ಭದ್ರಪಡಿಸುವುದು ಹಳೆಯ ಕ್ರಮ. ಪೂರಾ ಅಗಲದ ಪಟ್ಟಿಗೆ ಎರಡು ಕಡೆ ಹಲ್ಲೆಯಿಟ್ಟು ಗೂಟ ಜಡಿಯುವುದು ಇನ್ನೊಂದು. ಎರಡನೆಯದೇ ಗಟ್ಟಿ, ಆದರೆ ಭಾರ. ಒರೆಯಲ್ಲಿ ಎರಡು ಮರಿಕತ್ತಿಗಳಿರುತ್ತವೆ: ಹರಿತವಾದ ‘ಕರ್ದ’ ಸಣ್ಣ ಕೆಲಸಕ್ಕೆ, ಮೊಂಡಾದ ‘ಚಕ್ಮಕ್’ ಬಾಯಿ ತೀಡುವುದಕ್ಕೂ ಕಿಡಿ ಹೊಡೆಯುವುದಕ್ಕೂ. ಕೈಗೆ ತೆಗೆದುಕೊಳ್ಳುವ ಸಂದರ್ಭ ಬಂದರೆ ಒರೆಯನ್ನು ಬೆನ್ನಿನ ಕಡೆಯಿಂದಲೇ ಹಿಡಿಯಿರಿ. ಬಾಯಿಯ ಕಡೆ ಬೆರಳು ಸುತ್ತಿದವರ ಬೆರಳನ್ನು ಖುಕುರಿ ಒರೆಯನ್ನು ಸೀಳಿಕೊಂಡು ಬಂದು ಕತ್ತರಿಸಿದ್ದುಂಟು.

ಇಷ್ಟೆಲ್ಲ ಮಾಡುವವನು ಕಾಮಿ, ನೇಪಾಳದ ಕಮ್ಮಾರ, ವಿಶ್ವಕರ್ಮನೆಂದೂ ಕರೆಯುತ್ತಾರೆ. ಊರವರ ಕುಡುಗೋಲು ಖುಕುರಿಗಳನ್ನು ವರ್ಷವಿಡೀ ಮಾಡಿಕೊಟ್ಟು, ಸುಗ್ಗಿಯಲ್ಲಿ ಮನೆಮನೆಯಿಂದ ಧಾನ್ಯ ಪಡೆಯುವುದು ಆತನ ಪದ್ಧತಿ. ಜಂಗ್ ಬಹಾದ್ದೂರ್ ರಾಣಾ 1854ರಲ್ಲಿ ಹೊರಡಿಸಿದ ‘ಮುಲುಕಿ ಐನ್’ ಎಂಬ ಕಾನೂನು ಪ್ರಜೆಗಳನ್ನು ಜಾತಿಯ ಮೆಟ್ಟಿಲುಗಳಲ್ಲಿ ನಿಲ್ಲಿಸಿತು. ಕಾಮಿಗೆ ಸಂದದ್ದು ಕೆಳಗಿನ ಮೆಟ್ಟಿಲು: ‘ನೀರು ನಡೆಯದವರು, ಮುಟ್ಟಿದರೆ ನೀರು ಚಿಮುಕಿಸಿಕೊಳ್ಳಬೇಕಾದವರು’ ಎಂಬ ವರ್ಗ. ಉಕ್ಕಿಗೆ ಆತ ಎರೆದ ನೀರಿನ ಮೇಲೆ ಯೋಧ ತನ್ನ ಪ್ರಾಣವನ್ನೇ ಒತ್ತೆಯಿಡಬಹುದು. ಆತ ಕೊಟ್ಟ ಬೊಗಸೆ ನೀರನ್ನು ಮಾತ್ರ ಕುಡಿಯಲಾಗದು. ದಸರೆಯ ಆಯುಧಪೂಜೆಯಲ್ಲಿ ಖುಕುರಿಗೆ ದೇವರ ಮುಂದೆ ಸ್ಥಾನವಿತ್ತು, ಮಾಡಿದವನಿಗೆ ಹೊಸ್ತಿಲ ಹೊರಗೆ. ಆಂಗ್ಲರು ಸಿಪಾಯಿಗಳಾಗಿ ಆರಿಸಿಕೊಂಡದ್ದೂ ಬಹುಪಾಲು ಮಗರ, ಗುರುಂಗ, ರಾಯ್, ಲಿಂಬು ಜನರನ್ನೇ.

1963ರ ಹೊಸ ಕಾನೂನಿನಲ್ಲಿ ಈ ಮೆಟ್ಟಿಲುಗಳನ್ನು ಕೈಬಿಡಲಾಯಿತು. ಆದರೂ ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರುವ ಪ್ರತ್ಯೇಕ ಕಾಯಿದೆಯೊಂದನ್ನು 2011ರಲ್ಲಿ ಮಾಡಬೇಕಾಗಿ ಬಂತೆಂದರೆ ಹಳ್ಳಿಗಳ ಸ್ಥಿತಿಯನ್ನು ಊಹಿಸಬಹುದು. ಭೋಜಪುರ, ಧರಾನ್‌ಗಳಲ್ಲಿ ಖುಕುರಿಯ ಕುಲುಮೆಗಳು ಈಗಲೂ ಇವೆ. ತಿದಿಯ ಬದಲು ವಿದ್ಯುತ್ತಿನ ಬೀಸಣಿಗೆ, ಕೈಸಾಣೆಯ ಬದಲು ಯಂತ್ರದ ಸಾಣೆ ಬಂದಿವೆ. ಕಾಮಿಗಳ ಮಕ್ಕಳಲ್ಲಿ ಅನೇಕರು ಕೊಲ್ಲಿ ರಾಷ್ಟ್ರಗಳಿಗೂ ಮಲೇಷ್ಯಕ್ಕೂ ಕೂಲಿಗೆ ಹೋಗಿದ್ದಾರೆ. ಬಾಯಿಗೆ ನೀರೆರೆಯುವ ಹೊತ್ತಿಗೆ ಮಾತ್ರ ಯಂತ್ರವನ್ನು ನಿಲ್ಲಿಸಿ, ಮನೆಯ ಹಿರಿಯನನ್ನು ಕರೆದು, ಕೆಟಲನ್ನು ಆತನ ಕೈಗೆ ಕೊಡುತ್ತಾರೆ.