ಬಾಗಿಲ ಹಿಂದಿನ ಆ ಸೀಳು ಏನು?

ಪ್ರಶ್ನೆ: ಅಜ್ಜನ 1953ರ ಮೋರಿಸ್ ಮೈನರ್ ಓಪನ್ ಕಾರನ್ನು ಸರಿಮಾಡಿಸುತ್ತಿದ್ದೇನೆ. ಎರಡೂ ಬಾಗಿಲ ಹಿಂದೆ ಒಂದೊಂದು ಸೀಳು, ಒಳಗೊಂದು ತಗಡಿನ ಪಟ್ಟಿ ಅಡಗಿದೆ. ಏನದು?

ಉತ್ತರ: ದಯವಿಟ್ಟು ಅದನ್ನು ಕಿತ್ತು ಗುಜರಿಗೆ ಹಾಕಬೇಡಿ. ಅದು ಟ್ರಾಫಿಕೇಟರ್, ಅಂದರೆ ತಿರುವಿನಲ್ಲಿ ಕಾರು ತೋರಿಸುವ ಕೈ. ಸ್ವಿಚ್ ತಿರುಗಿಸಿದರೆ ಒಳಗಿನ ತಂತಿಸುರುಳಿ ಅಯಸ್ಕಾಂತವಾಗಿ ಸರಳೊಂದನ್ನು ಎಳೆಯುತ್ತದೆ, ಪಟ್ಟಿ ಮೇಲೆದ್ದು ಅಡ್ಡಲಾಗಿ ನಿಲ್ಲುತ್ತದೆ, ಅದರ ಕಿತ್ತಳೆ ಪ್ಲಾಸ್ಟಿಕ್ಕಿನೊಳಗೆ ಪುಟ್ಟ ಬಲ್ಬು ಹೊತ್ತಿಕೊಳ್ಳುತ್ತದೆ. ಕರೆಂಟು ನಿಂತರೆ ತನ್ನ ಭಾರಕ್ಕೇ ಮಡಚಿಕೊಳ್ಳುತ್ತದೆ. ಮೋರಿಸ್ ಮೈನರ್‌ಗೆ ಮಿನುಗುವ ಇಂಡಿಕೇಟರ್ ಬಂದದ್ದು 1961ರಲ್ಲಿ.

ಏಳದಿದ್ದರೆ ಸಾಮಾನ್ಯವಾಗಿ ತುಕ್ಕು, ಒಣಗಿದ ಗ್ರೀಸ್, ಇಲ್ಲವೇ ಸೀಳಿಗೆ ನುಗ್ಗಿದ ಹೊಸ ಪೇಂಟ್ ಕಾರಣ. ಒರೆಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಡಿ. ಬಲ್ಬಿನ ವೈರು ಕೀಲಿನ ಬಳಿ ಮಡಚಿ ಮಡಚಿ ತುಂಡಾಗಿರುತ್ತದೆ, ಅಲ್ಲೇ ಮೊದಲು ನೋಡಿ.

ಬ್ಯಾಟರಿ ಕೂಡಿಸುವಾಗ ಮಾತ್ರ ಎಚ್ಚರ. ಈ ಕಾರಿನಲ್ಲಿ ಬಾಡಿಗೆ ಸೇರುವುದು ಪ್ಲಸ್ ತುದಿ, ಈಗಿನ ಕಾರುಗಳಂತೆ ಮೈನಸ್ ಅಲ್ಲ.