ಮರ ಉಳಿದರೆ ಪರಿಮಳ

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಿಗೆ ತವರಿನ ನೆನಪು ತರುವ ಪದಾರ್ಥಗಳು ಕೆಲವೇ ಉಂಟು. ಅವುಗಳಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಒಂದು. ಕಲಬುರ್ಗಿಯವರಾಗಲಿ, ಕುಂದಾಪುರದವರಾಗಲಿ, ಹಾಸನದವರಾಗಲಿ, ಖಾರಘರದ ಬಾಡಿಗೆ ಕೋಣೆಯಲ್ಲಿ ಆ ಮೊಟ್ಟೆಯಾಕಾರದ ಬಿಲ್ಲೆಯ ಕಾಗದ ಬಿಚ್ಚಿದಾಗ ಬರುವ ಪರಿಮಳ ಎಲ್ಲರಿಗೂ ಒಂದೇ. ಈ ಪರಿಮಳ ಎಲ್ಲಿಂದ ಬರುತ್ತದೆ, ನಮ್ಮ ಮಕ್ಕಳ ಕಾಲಕ್ಕೂ ಅದು ಉಳಿದೀತೆ, ಉಳಿಯಬೇಕಾದರೆ ಯಾರು ಯಾರು ಕೈ ಜೋಡಿಸಬೇಕು ಎಂಬುದನ್ನು ಈ ಸಲ ವಿಚಾರ ಮಾಡೋಣ.

‘ಸುಸ್ಥಿರತೆ’ ಎಂಬ ಮಾತು ಈಗ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಮಾತು ಹೊಸದಾದರೂ ಅರ್ಥ ಹಳೆಯದು. ಬಿತ್ತನೆಗೆಂದು ಇಟ್ಟ ಕಾಳನ್ನು ಅಡಿಗೆಗೆ ಹಾಕಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರಷ್ಟೆ. ಸಾಬೂನು, ಪೌಡರು, ಲಾಲಿ ಮೊದಲಾದ ಸೌಂದರ್ಯ ಸಾಧನಗಳ ಉದ್ಯಮಕ್ಕೂ ಇದೇ ನೀತಿ ಸಲ್ಲುತ್ತದೆ.

ಯುದ್ಧದಿಂದ ಹುಟ್ಟಿದ ಕಾರ್ಖಾನೆ

೧೯೧೪ಕ್ಕೆ ಮೊದಲು ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಯುರೋಪಿಗೆ, ಅದರಲ್ಲಿಯೂ ಜರ್ಮನಿಗೆ, ಹೋಗುತ್ತಿದ್ದುವು. ಕೊರಡು ನಮ್ಮದು, ಎಣ್ಣೆ ತೆಗೆದು ಪಡೆಯುವ ಲಾಭ ಅವರದು. ಮೊದಲನೆಯ ಮಹಾಯುದ್ಧ ಆರಂಭವಾದೊಡನೆ ಈ ವ್ಯಾಪಾರ ನಿಂತಿತು. ಕೊಳ್ಳುವವರಿಲ್ಲದೆ ಕೊರಡುಗಳು ರಾಶಿ ಬಿದ್ದುವು. ಆಗ ಮಹಾರಾಜರಾಗಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಎಣ್ಣೆಯನ್ನು ನಾವೇ ಏಕೆ ತೆಗೆಯಬಾರದೆಂದು ಅವರು ಯೋಚಿಸಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಎಂಬವರು ಪ್ರಯೋಗ ಮಾಡಿ ಎಣ್ಣೆ ಇಳಿಸಿ ತೋರಿಸಿದರು. ೧೯೧೬ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಆರಂಭವಾಯಿತು. ಸಾಬೂನಿನ ವಿದ್ಯೆಯನ್ನು ಕಲಿಯಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಮರಳಿ ಬಂದ ಮೇಲೆ, ೧೯೧೮ರಲ್ಲಿ, ಗಂಧದ ಸಾಬೂನು ಪೇಟೆಗೆ ಬಂದಿತು. ೧೯೪೪ರಲ್ಲಿ ಶಿವಮೊಗ್ಗದಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆ ಏರ್ಪಟ್ಟಿತು. ೧೯೮೦ರಲ್ಲಿ ಇವೆಲ್ಲ ಸೇರಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೆಂಬ ಸರಕಾರಿ ಕಂಪನಿಯಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಅರಣ್ಯ ಇಲಾಖೆ ಮರ ಕೊಟ್ಟಿತು, ವಿಜ್ಞಾನ ಸಂಸ್ಥೆ ವಿದ್ಯೆ ಕೊಟ್ಟಿತು, ಸರಕಾರ ಬಂಡವಾಳ ಕೊಟ್ಟಿತು, ಕೆಲಸಗಾರರು ದುಡಿಮೆ ಕೊಟ್ಟರು. ಒಬ್ಬರಿಂದಲೇ ಆಗುವ ಕೆಲಸ ಇದಾಗಿರಲಿಲ್ಲ.

ನೆರೆಯವರಿಲ್ಲದೆ ಬದುಕದ ಮರ

ಶ್ರೀಗಂಧದ ಸ್ವಭಾವವೂ ವಿಚಿತ್ರವಾದುದು. ಅದು ಅರೆ ಪರಾವಲಂಬಿ. ಎಲೆಯಿಂದ ತನ್ನ ಆಹಾರ ತಯಾರಿಸಿಕೊಂಡರೂ, ನೆಲದಿಂದ ನೀರನ್ನೂ ಲವಣಗಳನ್ನೂ ಸಾಕಷ್ಟು ಹೀರಲಾರದು. ಆದುದರಿಂದ ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಅದರಿಂದ ಪಡೆಯುತ್ತದೆ. ಸಸಿಯಿದ್ದಾಗ ತೊಗರಿ, ಬೆಳೆದಂತೆ ಹೊಂಗೆ, ಸರ್ವೆ ಮುಂತಾದ ಗಿಡಗಳನ್ನು ಜೊತೆಗೆ ಬೆಳೆಸಬೇಕು. ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ದೂರ ದೂರ ಚೆಲ್ಲುತ್ತವೆ. ಬೋಳು ನೆಲದಲ್ಲಿ ಗಂಧವೊಂದನ್ನೇ ನೆಟ್ಟರೆ ಅದು ಸೊರಗುತ್ತದೆ.

ಪರಿಮಳ ಇರುವುದು ಕಾಂಡದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಕಟ್ಟಲು ಸುಮಾರು ಹತ್ತು ವರ್ಷ ಬೇಕು. ಒಳ್ಳೆಯ ಎಣ್ಣೆ ದೊರೆಯಬೇಕಾದರೆ ಇಪ್ಪತ್ತೈದು ಮೂವತ್ತು ವರ್ಷವಾದರೂ ಕಾಯಬೇಕು. ಬೇರಿನಲ್ಲಿಯೂ ಎಣ್ಣೆ ಇರುವುದರಿಂದ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಅಗೆದು ತೆಗೆಯುತ್ತಾರೆ. ಚೇಗನ್ನು ಪುಡಿ ಮಾಡಿ ಹಬೆ ಹಾಯಿಸಿ ಭಟ್ಟಿ ಇಳಿಸಿದರೆ ನೂರು ಕಿಲೋಗೆ ಸುಮಾರು ಐದು ಕಿಲೋ ಎಣ್ಣೆ ಬರುತ್ತದೆ. ಮೂವತ್ತು ವರ್ಷದ ಬೆಳೆ ಹೀಗೆ ಕೆಲವು ದಿನಗಳಲ್ಲಿ ಭಟ್ಟಿ ಸೇರುತ್ತದೆ. ಜಮೆ ನಿಧಾನ, ಖರ್ಚು ಬೇಗ. ಇಂಥ ಖಾತೆ ಎಷ್ಟು ದಿನ ನಡೆದೀತು?

ಕಾನೂನು ಮಾಡಿದ ಎಡವಟ್ಟು

೧೭೯೨ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದೆ ಬಂದ ಸರಕಾರಗಳೂ ಅದೇ ನೀತಿಯನ್ನು ಹಿಡಿದುವು. ರೈತನ ಹೊಲದಲ್ಲಿ ಬೆಳೆದರೂ ಮರ ಸರಕಾರದ್ದು. ಮಾರಾಟದಲ್ಲಿ ರೈತನಿಗೆ ಒಂದು ಪಾಲು ಸಿಗುತ್ತಿತ್ತೇ ಹೊರತು ಅವನು ಒಡೆಯನಲ್ಲ. ಮರ ಕಳುವಾದರೆ ಮಾತ್ರ ಉತ್ತರ ಹೇಳಬೇಕಾದವನು ಅವನೇ. ಇದರ ಫಲವೇನಾಯಿತು? ಹಕ್ಕಿ ಬಿತ್ತಿದ ಸಸಿ ಬದುವಿನಲ್ಲಿ ತಲೆಯೆತ್ತಿದೊಡನೆ ರೈತ ಅದನ್ನು ಕಿತ್ತೆಸೆಯತೊಡಗಿದನು. ಕಾಪಾಡಲೆಂದು ಮಾಡಿದ ಕಾಯಿದೆ ಮರಕ್ಕೆ ಮುಳುವಾಯಿತು.

ಇದಲ್ಲದೆ ರೋಗವೂ ಬಂದಿತು. ೧೮೯೯ರಲ್ಲಿ ಕೊಡಗಿನಲ್ಲಿ ಮೊದಲು ಕಾಣಿಸಿದ ‘ಸ್ಪೈಕ್’ ರೋಗದಲ್ಲಿ ಎಲೆಗಳು ಸಣ್ಣವಾಗಿ, ಕೊಂಬೆ ಮುಳ್ಳಿನ ಗೊಂಚಲಿನಂತಾಗಿ, ಮರ ಸಾಯುತ್ತದೆ. ಕೀಟಗಳಿಂದ ಹರಡುವ ಈ ರೋಗಕ್ಕೆ ಸರಿಯಾದ ಮದ್ದು ಇನ್ನೂ ಇಲ್ಲ. ಮೂರನೆಯದು ಕಳ್ಳತನ. ಕಾಡುಗಳ್ಳ ವೀರಪ್ಪನ್ ೨೦೦೪ರಲ್ಲಿ ಸತ್ತರೂ ಕಳ್ಳತನ ಸಾಯಲಿಲ್ಲ. ೧೯೫೦ರ ಸುಮಾರಿಗೆ ಭಾರತದಲ್ಲಿ ವರ್ಷಕ್ಕೆ ಸುಮಾರು ೪,೦೦೦ ಟನ್ ಗಂಧದ ಚೇಗು ದೊರೆಯುತ್ತಿತ್ತು. ಕಾಲಕ್ರಮದಲ್ಲಿ ಅದು ಕೆಲವು ನೂರು ಟನ್ನುಗಳಿಗೆ ಇಳಿಯಿತು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈಗ ಶ್ರೀಗಂಧ ಅಪಾಯಕ್ಕೆ ಒಳಗಾದ ಜಾತಿ. ನಮ್ಮ ಶ್ರೀಗಂಧವನ್ನೇ ಆಸ್ಟ್ರೇಲಿಯದ ಪಶ್ಚಿಮ ಭಾಗದಲ್ಲಿ ಸಾವಿರಾರು ಎಕರೆಗಳಲ್ಲಿ ಬೆಳೆಯುತ್ತಿದ್ದಾರೆ. ಗಂಧದ ನಾಡಿನವರು ಇದನ್ನು ಕೇಳಿ ಸುಮ್ಮನಿರಬಹುದೆ?

ಕರ್ನಾಟಕ ಸರಕಾರವು ೨೦೦೧ರಲ್ಲಿ ಅರಣ್ಯ ಕಾಯಿದೆಯನ್ನು ತಿದ್ದಿತು. ಹೊಲದಲ್ಲಿ ಬೆಳೆದ ಗಂಧಕ್ಕೆ ಹೊಲದವನೇ ಒಡೆಯನಾದನು. ಆದರೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಸಾಬೂನು ಕಾರ್ಖಾನೆಯೂ ರೈತರೊಂದಿಗೆ ಸೇರಿ ಗಂಧ ಬೆಳೆಸುವ ಯೋಜನೆಯನ್ನು ಕೈಗೊಂಡಿತು. ಕಾರ್ಖಾನೆಗೆ ಮರ ಬೇಕು, ರೈತನಿಗೆ ನಂಬಿಕೆಯ ಗಿರಾಕಿ ಬೇಕು. ಇವರಿಬ್ಬರು ಕೂಡಿದರೆ ಮಾತ್ರ ಮರಕ್ಕೆ ಉಳಿವು.

ಉಳಿದ ಸರಕುಗಳ ಮಾತು

ಗಂಧ ಪರಿಮಳಕ್ಕೆ; ಸಾಬೂನಿನ ಮೈ ಆಗುವುದು ಎಣ್ಣೆಯಿಂದ. ಇಂದು ಬಹುಪಾಲು ಸಾಬೂನುಗಳಿಗೆ ಬಳಕೆಯಾಗುವುದು ಇಂಡೊನೇಶಿಯ ಮಲೇಶಿಯಗಳ ತಾಳೆಯೆಣ್ಣೆ. ಅಲ್ಲಿ ತೋಟಕ್ಕಾಗಿ ಕಾಡು ಸುಟ್ಟರೆಂಬ ದೂರು ಹೆಚ್ಚಿದಾಗ ಬೆಳೆಗಾರರು, ಗಿರಣಿಯವರು, ಸಾಬೂನಿನ ಕಂಪನಿಗಳು ಮತ್ತು ಪರಿಸರ ಸಂಘಗಳು ೨೦೦೪ರಲ್ಲಿ ಒಂದು ದುಂಡುಮೇಜಿನ ಕೂಟವನ್ನು ಕಟ್ಟಿ ನಿಯಮಗಳನ್ನು ಮಾಡಿಕೊಂಡವು. ತುಟಿರಂಗು, ಪೌಡರುಗಳ ಮಿನುಗಿಗೆ ಹಾಕುವುದು ಕಾಗೆಬಂಗಾರ. ಝಾರ್ಖಂಡ ಬಿಹಾರಗಳಲ್ಲಿ ಬಡ ಮಕ್ಕಳು ಅಪಾಯದ ಗುಂಡಿಗಳಿಗಿಳಿದು ಅದನ್ನು ಆಯುತ್ತಿದ್ದುದು ಬೆಳಕಿಗೆ ಬಂದ ಮೇಲೆ, ೨೦೧೭ರಲ್ಲಿ ಹಲವು ಕಂಪನಿಗಳು ಇದನ್ನು ತಪ್ಪಿಸಲು ಒಂದು ಕೂಟ ಮಾಡಿಕೊಂಡವು.

ಕೂಟ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ಇದಕ್ಕೆ ಉದಾಹರಣೆ ನಮ್ಮ ಮಗ್ಗುಲಲ್ಲೇ ಇದೆ. ತಲೋಜಾದ ಕಾರ್ಖಾನೆಗಳು ಕೊಳೆನೀರನ್ನು ಶುದ್ಧಿ ಮಾಡಲು ಸಹಕಾರ ಸಂಘವನ್ನೇ ಮಾಡಿಕೊಂಡಿದ್ದುವು. ಆದರೂ ಕಾಸಾಡಿ ನದಿ ಕೆಟ್ಟಿತು; ದೂರು ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೆ ಹೋಯಿತು. ೨೦೧೭ರ ಆಗಸ್ಟಿನಲ್ಲಿ ಬಟ್ಟೆ ಮಾರ್ಜಕಕ್ಕೆ ಬಳಸುವ ಬಣ್ಣ ಮೈಗಂಟಿ ಅಲ್ಲಿನ ಬೀದಿನಾಯಿಗಳು ನೀಲಿಯಾದ ಸುದ್ದಿ ದೇಶವೆಲ್ಲ ಹರಡಿತಷ್ಟೆ. ಸಂಘದ ಹೆಸರಿದ್ದು ಸರಿಯಾದ ಲೆಕ್ಕ ಕೇಳುವವರಿಲ್ಲದಿದ್ದರೆ ಆಗುವುದು ಹೀಗೆ. ತಲೋಜಾದಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ನೀರು, ಆ ಗಾಳಿ ಮೊದಲು ಮುಟ್ಟುವುದು ಅವರನ್ನೇ.

ನಮ್ಮ ಪಾಲು

ನಾವು ಸಣ್ಣ ಸಂಬಳದವರು. ನಮ್ಮಿಂದೇನಾದೀತು ಎಂದು ಕೇಳಬಹುದು. ಮೂರು ಕೆಲಸಗಳು ಆಗುತ್ತವೆ.

ಒಂದನೆಯದು, ಕೊಳ್ಳುವಾಗ ಕಟ್ಟಿನ ಮೇಲಿನ ಬರಹವನ್ನು ಓದುವುದು. ‘ಟಿ.ಎಫ್.ಎಂ.’ ಎಂದು ಬರೆದಿರುವುದು ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನಂಶ. ಭಾರತೀಯ ಮಾನಕದಂತೆ ನೂರಕ್ಕೆ ೭೬ ಅಥವಾ ಮೇಲಿದ್ದರೆ ಮೊದಲನೆಯ ದರ್ಜೆ, ೭೦ ಇದ್ದರೆ ಎರಡನೆಯದು, ೬೦ ಇದ್ದರೆ ಮೂರನೆಯದು. ಅಂಶ ಕಡಮೆಯಾದಷ್ಟೂ ಬಿಲ್ಲೆ ಬೇಗ ಕರಗುತ್ತದೆ. ಅಗ್ಗವೆಂದು ತಂದದ್ದು ಕೊನೆಗೆ ತುಟ್ಟಿಯಾಗುತ್ತದೆ. ನೀರು ನಿಲ್ಲದ ತಟ್ಟೆಯಲ್ಲಿಟ್ಟರೆ ಒಂದು ಬಿಲ್ಲೆ ಇನ್ನೂ ಕೆಲವು ದಿನ ಹೆಚ್ಚು ಬರುತ್ತದೆ.

ಎರಡನೆಯದು, ನಕಲಿಯನ್ನು ದೂರವಿಡುವುದು. ಮೈಸೂರು ಸ್ಯಾಂಡಲ್ ಸಾಬೂನಿಗೂ ಮೈಸೂರಿನ ಗಂಧದೆಣ್ಣೆಗೂ ೨೦೦೫–೦೬ರ ಸಾಲಿನಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆದರೂ ೨೦೨೪ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇದರ ನಕಲಿ ಮಾಲು ಸಿಕ್ಕಿಬಿದ್ದಿತು. ರೈಲಿನಲ್ಲಿ, ರಸ್ತೆಯ ಬದಿಯಲ್ಲಿ ಅರ್ಧ ಬೆಲೆಗೆ ‘ಗಂಧದ ಸಾಬೂನು’ ಎಂದು ಕೊಟ್ಟರೆ, ಅದರಲ್ಲಿ ಗಂಧವೆಷ್ಟಿದ್ದೀತೆಂದು ಯೋಚಿಸಬೇಕು.

ಮೂರನೆಯದು ಮುಖ್ಯವಾದುದು. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಎರಡು ಮೂರು ಎಕರೆ ಹೊಲವಿದೆ. ಗಂಧ ನೆಟ್ಟರೆ ಹನ್ನೆರಡು ಹದಿನೈದು ವರ್ಷದಲ್ಲಿ ಕೋಟಿ ಬರುತ್ತದೆಂದು ಹೇಳಿ, ಮುಂಗಡ ಹಣ ಕೇಳುವ ದಲ್ಲಾಳಿಗಳು ಇದ್ದಾರೆ. ಇಂಥವರ ಮಾತಿಗೆ ಭವಿಷ್ಯನಿಧಿಯ ಹಣವನ್ನು ಸುರಿಯಬಾರದು. ಬೆಳೆದ ಗಂಧಕ್ಕೆ ಹಗಲಿರುಳು ಕಾವಲು ಬೇಕು. ಇಲ್ಲಿ ಕುಳಿತು ಅಲ್ಲಿಯ ಮರ ಕಾಯಲಾಗದು. ನೆಡುವ ಮನಸ್ಸಿದ್ದವರು ಊರಿನಲ್ಲಿರುವ ಅಣ್ಣತಮ್ಮಂದಿರೊಡನೆ ಮಾತಾಡಿ, ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ನಿಯಮ ವಿಚಾರಿಸಿ, ಬದುವಿನಲ್ಲಿ ಹತ್ತಿಪ್ಪತ್ತು ಗಿಡಗಳನ್ನು ತೊಗರಿ ಹೊಂಗೆಗಳ ಜೊತೆಗೆ ಬೆಳೆಸಲಿ. ಸುಗ್ಗಿಯ ಬೆಳೆಯನ್ನು ಬಿಟ್ಟು ಗಂಧವೊಂದನ್ನೇ ನಂಬುವುದು ಬೇಡ. ನೆಟ್ಟ ಮರ ಪಹಣಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಲಿ.

ಹಳೆಯ ಕಾಲದಲ್ಲಿ ಗಂಧದ ಕೊರಡನ್ನು ದೇವರ ಮನೆಯಲ್ಲಿಟ್ಟು, ಒಂದೊಂದು ತೊಟ್ಟು ನೀರು ಹಾಕಿ ತೇಯುತ್ತಿದ್ದರು. ಒಂದೇ ಕೊರಡು ಎರಡು ತಲೆಮಾರಿಗೆ ಬರುತ್ತಿತ್ತು. ಬಳಸಬಾರದೆಂದು ಅವರು ಹೇಳಲಿಲ್ಲ, ಹಿಡಿತದಿಂದ ಬಳಸಿದರು. ನಮ್ಮ ಕಾಲದ ಕಾರ್ಖಾನೆಗೂ, ರೈತನಿಗೂ, ಕೊಳ್ಳುವ ನಮಗೂ ಆ ಹಿಡಿತ ಬಂದರೆ, ನಮ್ಮ ಮೊಮ್ಮಕ್ಕಳು ಶ್ರೀಗಂಧವನ್ನು ಸಾಬೂನಿನ ಕಾಗದದ ಮೇಲಿನ ಹೆಸರಿನಲ್ಲಿ ಮಾತ್ರವಲ್ಲ, ಹೊಲದ ಬದುವಿನಲ್ಲಿಯೂ ಕಂಡಾರು.