ಕೂದಲೆಳೆ ಅಂತರದಲ್ಲಿ ಹುಟ್ಟಿದ ರೈಫಲ್

ಚುನಾವಣೆ ಘೋಷಣೆಯಾದರೆ ಸಾಕು, ನಮ್ಮ ಮನೆಯಲ್ಲಿ ಒಂದು ಕೆಲಸ ತಪ್ಪುತ್ತಿರಲಿಲ್ಲ. ಅಜ್ಜ ಜಂತಿಗೆ ಸಿಕ್ಕಿಸಿದ್ದ ಕೇಪಿನ ಬಂದೂಕನ್ನು ಇಳಿಸಿ, ನಳಿಗೆಗೆ ಕೊಬ್ಬರಿ ಎಣ್ಣೆ ಒರೆಸಿ, ಹಳೇ ಪಂಚೆಯಲ್ಲಿ ಸುತ್ತಿಕೊಂಡು ಕಾನಹೊಸಹಳ್ಳಿಯ ಬಸ್ಸು ಹತ್ತುತ್ತಿದ್ದ. ಮತದಾನ ಮುಗಿದು ಫಲಿತಾಂಶ ಬರುವ ತನಕ ಲೈಸೆನ್ಸಿನ ಬಂದೂಕುಗಳೆಲ್ಲ ಠಾಣೆಯಲ್ಲಿ ಇರಬೇಕಿತ್ತು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಠಾಣೆಯ ಗೋಡೆಗೆ ಒರಗಿಸಿಟ್ಟ ಹತ್ತಾರು ಬಂದೂಕುಗಳಲ್ಲಿ ಹೆಚ್ಚಿನವು ಅಜ್ಜನದರ ಹಾಗೆಯೇ ಉದ್ದ ನಳಿಗೆಯ, ಬಾಯಿಂದ ಮದ್ದು ತುಂಬುವ ಬಂದೂಕುಗಳು. ಒಂದು ಮಾತ್ರ ಬೇರೆ. ಗಿಡ್ಡ, ದಪ್ಪ, ಕಂದು ಮರದ ಹಿಡಿ, ಬಲಗಡೆ ಉಕ್ಕಿನ ಗುಂಡಿಯೊಂದು ಚಾಚಿಕೊಂಡಿತ್ತು. ಕಾನ್‌ಸ್ಟೆಬಲ್ ಆ ಗುಂಡಿಯನ್ನು ಮೇಲೆತ್ತಿ ಹಿಂದಕ್ಕೆಳೆದು ಒಳಗೆ ಗುಂಡಿಲ್ಲವೆಂದು ನೋಡಿ, ಮುಂದಕ್ಕೆ ತಳ್ಳಿ ಕೆಳಗೆ ಒತ್ತಿದರು. ನಮ್ಮ ಹಿತ್ತಲ ಬಾಗಿಲ ಚಿಲಕ ಹಾಕಿದ ಹಾಗೆಯೇ ಸದ್ದು. ಕೈ ಚಾಚಿದೆ. "ಏ ತಮ್ಮಾ, ಮುಟ್ಟಬ್ಯಾಡ. ಅದು ತ್ರೀ ಫಿಫ್ಟೀನ್, ನಮ್ಮಂಥೋರದಲ್ಲ" ಎಂದ ಅಜ್ಜ.

ನಮ್ಮಂಥವರದಲ್ಲ ಎಂದು ಅಜ್ಜ ಹೇಳಿದ ಆ ರೈಫಲ್ ಹುಟ್ಟಿದ್ದು ಮಾತ್ರ ಸೈನ್ಯದ ಹೊರಗಿನವರಿಗಾಗಿಯೇ. ಭಾರತದಲ್ಲಿ ಖಾಸಗಿಯವರ ಕೈಗೆಟುಕಲೆಂದು ತಯಾರಾದ ಬೋಲ್ಟ್ ಆಕ್ಷನ್, ಅಂದರೆ ಚಿಲಕದ, ಬೇಟೆ ರೈಫಲ್ ಈ .315. ಅದು ಹೇಗೆ ಬಂತು ಎಂದು ಹುಡುಕುತ್ತ ಹೋದರೆ ದಾರಿ ಯುರೋಪಿನ ಒಂದು ರಣರಂಗಕ್ಕೆ ಹೋಗಿ ನಿಲ್ಲುತ್ತದೆ.

ಬಾಯಿಂದ ತುಂಬುವ ಬಂದೂಕಿನ ಕಷ್ಟ ಅಜ್ಜನಿಗೆ ಗೊತ್ತಿತ್ತು. ಮೊದಲು ಅಳತೆ ಮಾಡಿದ ಮದ್ದು, ಮೇಲೆ ತೆಂಗಿನ ನಾರು, ಗಜವೆಂಬ ಉದ್ದ ಸರಳಿನಿಂದ ಜಡಿಯಬೇಕು. ಆಮೇಲೆ ಚರೆ, ಮತ್ತೆ ನಾರು, ಮತ್ತೆ ಗಜ. ಕೊನೆಗೆ ಹಿಂಬದಿಯ ಮೊಲೆಗೆ ಕೇಪು. ಇಷ್ಟೆಲ್ಲ ಮಾಡುವಾಗ ಎದ್ದು ನಿಂತೇ ಇರಬೇಕು, ಮಲಗಿಕೊಂಡು ಆಗುವ ಕೆಲಸವಲ್ಲ. 1866ರಲ್ಲಿ ಆಸ್ಟ್ರಿಯಾದ ಸೈನಿಕರು ಕ್ಯೋನಿಗ್‌ಗ್ರೇಟ್ಸ್ ಮೈದಾನದಲ್ಲಿ ಹೀಗೆಯೇ ನಿಂತು ಗಜ ಜಡಿಯುತ್ತಿದ್ದರು. ಎದುರಿಗಿದ್ದ ಪ್ರಶ್ಯನ್ನರ ಕೈಯಲ್ಲಿ ಡ್ರೈಸ್ ಎಂಬಾತ ರೂಪಿಸಿದ ಹೊಸ ಬಂದೂಕು. ಪ್ರಶ್ಯಾ ಅದನ್ನು 1841ರಲ್ಲೇ ಒಪ್ಪಿಕೊಂಡಿತ್ತು. ಹಿಂದಿನಿಂದ ಚಿಲಕ ತೆಗೆದು ತೋಟಾ ಇಟ್ಟು ಚಿಲಕ ಹಾಕುವುದು, ಅಷ್ಟೇ. ಅವರು ನೆಲಕ್ಕೆ ಮೈಚೆಲ್ಲಿ ಮಲಗಿಯೇ ಗುಂಡು ಹಾರಿಸಿದರು. ಆಸ್ಟ್ರಿಯಾ ಸೋತಿತು. ಯುರೋಪಿನ ಸೈನ್ಯಗಳೆಲ್ಲ ಒಂದರ ಹಿಂದೊಂದು ಚಿಲಕದ ಬಂದೂಕಿಗೆ ತಿರುಗಿದವು. ಜರ್ಮನಿಯಲ್ಲಿ ಮೌಸರ್ 1898ರಲ್ಲಿ ಮಾಡಿದ ಮಾದರಿಯನ್ನು ಇಂದಿನ ಬಹುಪಾಲು ಬೇಟೆ ರೈಫಲ್‌ಗಳ ಅಜ್ಜ ಎನ್ನಬಹುದು. ಬ್ರಿಟನ್ನು ಜೇಮ್ಸ್ ಪ್ಯಾರಿಸ್ ಲೀ ಎಂಬಾತನ ಚಿಲಕವನ್ನು ಹಿಡಿಯಿತು, 1895ರಲ್ಲಿ ಲೀ ಎನ್‌ಫೀಲ್ಡ್ ಬಂತು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಕಂಡ 'ತ್ರೀ ನಾಟ್ ತ್ರೀ' ಅದೇ. ಸೋತಿದ್ದ ಆಸ್ಟ್ರಿಯಾ ಕೂಡ ಮ್ಯಾನ್ಲಿಕರ್ ರೈಫಲ್ ಮಾಡಿಕೊಂಡಿತು, ಅದಕ್ಕೆ 8 ಮಿಲಿಮೀಟರಿನ ತೋಟಾ. ಈ ತೋಟಾವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಈಗ ಭಾರತಕ್ಕೆ ಬರೋಣ. 1857ರ ದಂಗೆಯ ಭಯ ಬ್ರಿಟಿಷರನ್ನು ಕೊನೆಯವರೆಗೂ ಬಿಡಲಿಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆ ಅದರದೇ ಕೂಸು. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪಾಳೇಗಾರರ ಕಾಲದಿಂದ ಮನೆಮನೆಯಲ್ಲಿ ಆಯುಧವಿದ್ದ ಗುಡೇಕೋಟೆ, ಜರಿಮಲೆ, ಹರಪನಹಳ್ಳಿ ಸೀಮೆಗೆ ಇದು ಎಂಥ ಬದಲಾವಣೆ ಎಂದು ಊಹಿಸಿಕೊಳ್ಳಬಹುದು. 20ನೇ ಶತಮಾನದ ಆರಂಭಕ್ಕೆ ಇನ್ನೊಂದು ಬಿಗಿ ಬಂತು. ಸೈನ್ಯದ .303 ತೋಟಾ ಹಾರಿಸುವ ಬಂದೂಕು ಖಾಸಗಿಯವರ ಬಳಿ ಇರಕೂಡದು. ಸೈನ್ಯದ ಉಗ್ರಾಣದಿಂದ ಕದ್ದ ತೋಟಾ ದಂಗೆಯೇಳುವವರ ಬಂದೂಕಿಗೆ ಹೊಂದಬಾರದು ಎಂಬುದು ಲೆಕ್ಕ.

ಹಾಗಾದರೆ ಕಾಡಿನ ಅಂಚಿನ ತೋಟದ ದೊರೆಗೆ, ಜಮೀನ್ದಾರನಿಗೆ, ಶಿಕಾರಿಗೆ ಏನು ಮಾರುವುದು? ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಗೆ ಉತ್ತರ ಹೊಳೆಯಿತು. ಸೈಕಲ್ಲಿನಿಂದ ನಮಗೆ ಪರಿಚಯವಾದ ಅದೇ ಬಿಎಸ್‌ಎ. ಅದರ ಮುದ್ರೆಯಲ್ಲಿ ಒಂದಕ್ಕೊಂದು ಒರಗಿಸಿಟ್ಟ ಮೂರು ಬಂದೂಕುಗಳಿರುವುದು ಸುಮ್ಮನೆ ಅಲ್ಲ. ಲೀ ಚಿಲಕವನ್ನೇ ಇಟ್ಟುಕೊಂಡು, ಭಾರತದ ಯಾವ ಪಲ್ಟನ್ನಿನ ಬಳಿಯೂ ಇಲ್ಲದ ತೋಟಾಕ್ಕೆ ನಳಿಗೆ ಕೊರೆದರು. ಆ ತೋಟಾ ಯಾವುದು? ಆಸ್ಟ್ರಿಯಾದ 8 ಮಿಲಿಮೀಟರಿನ ಮ್ಯಾನ್ಲಿಕರ್. ಇಂಗ್ಲಿಷ್ ಅಂಗುಲದ ಲೆಕ್ಕದಲ್ಲಿ ಅದಕ್ಕೆ .315 ಎಂದು ಹೆಸರಿಟ್ಟರು. .303ಕ್ಕೂ .315ಕ್ಕೂ ಹೆಸರಿನಲ್ಲಿರುವ ಅಂತರ ಅಂಗುಲದ ಸಾವಿರದಲ್ಲಿ 12 ಪಾಲು, ಅಂದರೆ ಸುಮಾರು 0.3 ಮಿಲಿಮೀಟರ್. ನಾಲ್ಕಾರು ಕೂದಲೆಳೆ ಜೋಡಿಸಿಟ್ಟಷ್ಟು. ಒಂದು ಸಾಮ್ರಾಜ್ಯದ ಭಯವೆಲ್ಲ ಆ ಸಂದಿಯಲ್ಲಿ ಕೂತಿತ್ತು. ಕಾಡುಹಂದಿಗೆ ತಗುಲುವ ಏಟಿನಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೆ.

ಬ್ರಿಟಿಷರು ಹೋದರು, ಅಂತರ ಉಳಿಯಿತು. 1959ರ ನಮ್ಮದೇ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲೂ .303 ನಿಷೇಧಿತ, .315 ಅಲ್ಲ. ಬಂಗಾಳದ ಇಚ್ಛಾಪುರದ ಸರ್ಕಾರಿ ಕಾರ್ಖಾನೆ ಸೈನ್ಯಕ್ಕೆ ಲೀ ಎನ್‌ಫೀಲ್ಡ್ ಮಾಡಿ ಪಳಗಿದ್ದ ಯಂತ್ರಗಳಿಂದಲೇ .315 ಸ್ಪೋರ್ಟಿಂಗ್ ರೈಫಲ್ ಮಾಡತೊಡಗಿತು. ಹೊಸ ವಿನ್ಯಾಸದ ಖರ್ಚಿಲ್ಲ, ಹೊಸ ಅಚ್ಚಿನ ಖರ್ಚಿಲ್ಲ. ತೋಟಾ ಪುಣೆಯ ಖಡಕಿ ಕಾರ್ಖಾನೆಯದು. 1980ರ ದಶಕದಲ್ಲಿ ವಿದೇಶಿ ಬಂದೂಕಿನ ಆಮದು ಸಾಮಾನ್ಯರಿಗೆ ನಿಂತ ಮೇಲೆ ದೇಶದಲ್ಲಿ ಉಳಿದಿದ್ದ ಹಳೆಯ ವಿದೇಶಿ ರೈಫಲ್‌ಗಳ ಬೆಲೆ ಗಗನಕ್ಕೇರಿತು. ರೈಫಲ್ ಬೇಕೆಂದವರಿಗೆ ಸರ್ಕಾರಿ .315 ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ.

ನಾನು ಮೊದಲು ಹಾರಿಸಿದ ಚಿಲಕದ ರೈಫಲ್ ಎನ್‌ಸಿಸಿಯ ಪಾಯಿಂಟ್ ಟೂ ಟೂ. ಮರಳಿನ ಚೀಲದ ಮೇಲೆ ಎಡಗೈ, ಭುಜಕ್ಕೆ ಒತ್ತಿದ ಹಿಡಿ, ಐದು ಗುಂಡು, ಪ್ರತಿ ಗುಂಡಿಗೂ ಒಮ್ಮೆ ಚಿಲಕ. ಖಾಲಿ ತೋಟಾ ಬಲಗಡೆ ಹಾರಿ ಬಿದ್ದಾಗ ಮುಟ್ಟಿದರೆ ಬಿಸಿ. ಚಿಲಕದ ಬಂದೂಕಿನ ಗುಣ ಅಲ್ಲಿಯೇ ಅರ್ಥವಾಗುತ್ತದೆ: ಪ್ರತಿ ಗುಂಡಿನ ನಡುವೆ ಅದು ನಿಮ್ಮನ್ನು ಒಂದು ಕ್ಷಣ ನಿಲ್ಲಿಸುತ್ತದೆ. ಗುರಿಯ ಬಂದೂಕಿಗೆ ಬೇಕಾದದ್ದೂ ಅದೇ. ಚಲಿಸುವ ಭಾಗ ಕಡಿಮೆ, ಕೆಡುವುದು ಕಡಿಮೆ, ಮಾಡುವ ಖರ್ಚೂ ಕಡಿಮೆ.

ಈ ಕೊನೆಯ ಮಾತನ್ನು ಪೂರ್ತಿ ಹಿಂಡಿ ತೆಗೆದವರು ಅಮೆರಿಕದವರು. ಎರಡು ಮಹಾಯುದ್ಧಗಳ ನಂತರ ಸೈನ್ಯ ಬಿಟ್ಟ ಹಳೆಯ ರೈಫಲ್‌ಗಳು ಅಲ್ಲಿ ಅಗ್ಗಕ್ಕೆ ಸಿಕ್ಕವು. ಜನ ಅವನ್ನು ಮನೆಗೆ ತಂದು ಮರ ಕೊರೆದು, ನಳಿಗೆ ಗಿಡ್ಡ ಮಾಡಿ ಜಿಂಕೆ ಬೇಟೆಗೆ ಒಯ್ದರು. ಹೊಸದನ್ನೇ ಅಗ್ಗವಾಗಿ ಮಾಡುವ ಗುಟ್ಟು ಸಿಕ್ಕಿದ್ದು 1958ರಲ್ಲಿ, ಸ್ಯಾವೇಜ್ ಕಂಪನಿಯ 110 ಮಾದರಿಯಲ್ಲಿ. ರೈಫಲ್ ಮಾಡುವಾಗ ಬಲು ನಾಜೂಕಿನ ಕೆಲಸವೆಂದರೆ ಚಿಲಕದ ಮುಖಕ್ಕೂ ತೋಟಾ ಕೂರುವ ಗೂಡಿಗೂ ನಡುವಿನ ಅಳತೆ. ಬಿಗಿಯಾದರೆ ಚಿಲಕ ಮುಚ್ಚದು, ಸಡಿಲವಾದರೆ ತೋಟಾದ ಹಿತ್ತಾಳೆ ಸೀಳಿ ಬೆಂಕಿ ಹಿಂದಕ್ಕೆ ಬರಬಹುದು. ಹಿಂದೆ ಪ್ರತಿ ಬಂದೂಕಿಗೂ ಪಳಗಿದ ಕುಶಲಕರ್ಮಿ ಕೂತು ಉಜ್ಜಿ ಉಜ್ಜಿ ಹೊಂದಿಸಬೇಕಿತ್ತು. ಸ್ಯಾವೇಜ್‌ನಲ್ಲಿ ನಳಿಗೆಯನ್ನು ತಿರುಪಿನಂತೆ ಒಳಗೆ ತಿರುಗಿಸಿ, ಅಳತೆಯ ಗೇಜಿಗೆ ತಾಗುತ್ತಿದ್ದಂತೆ ನಿಲ್ಲಿಸಿ, ಹೊರಗಿನಿಂದ ಒಂದು ನಟ್ಟು ಬಿಗಿದುಬಿಟ್ಟರು. ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಬೋರ್‌ವೆಲ್ ಪೈಪು ಇಳಿಸುವ ಯಾವ ಹುಡುಗನಿಗೂ ಚೆಕ್ ನಟ್ಟಿನ ಈ ಉಪಾಯ ವಿವರಿಸಬೇಕಿಲ್ಲ.

ಮುಂದಿನದು ಅದೇ ದಾರಿ. ಕೆತ್ತಿದ ಅಕ್ರೋಟು ಮರದ ಬದಲು ಅಚ್ಚಿಗೆ ಎರೆದ ಪ್ಲಾಸ್ಟಿಕ್, ಕೊರೆಯುವ ಬದಲು ಸುತ್ತಿಗೆ ಯಂತ್ರದಿಂದ ಬಡಿದು ರೂಪಿಸಿದ ನಳಿಗೆ, ಕಂಪ್ಯೂಟರ್ ನಡೆಸುವ ಕಡೆತದ ಯಂತ್ರ. 2010ರ ಆಸುಪಾಸಿನಲ್ಲಿ ಸ್ಯಾವೇಜ್ ಎಜ್, ರೂಗರ್ ಅಮೆರಿಕನ್ ಬಂದವು. ರೂಗರ್ ಕಂಪನಿ ಇಟ್ಟ ಬೆಲೆ 449 ಡಾಲರ್. ಈ ಅಗ್ಗದ ರೈಫಲ್‌ಗಳು ನೋಡಲು ಚೆಂದವಿಲ್ಲ, ಗುರಿಯಲ್ಲಿ ಮಾತ್ರ ಹಿಂದಿನ ಕಾಲದ ದುಬಾರಿ ರೈಫಲ್‌ಗಳಿಗೆ ಸಮ ನಿಲ್ಲುತ್ತವೆ. ಮನುಷ್ಯನ ಕೈಗಿಂತ ಯಂತ್ರ ಅಳತೆಯನ್ನು ಹೆಚ್ಚು ನಿಷ್ಠೆಯಿಂದ ಕಾಯುತ್ತದೆ.

ಅಲ್ಲಿ ಬಂದೂಕನ್ನು ಅಗ್ಗ ಮಾಡಿದ್ದು ಕಾರ್ಖಾನೆ. ನಮ್ಮಲ್ಲಿ ಬಂದೂಕು ಅಗ್ಗವೋ ತುಟ್ಟಿಯೋ ಎಂದು ತೀರ್ಮಾನಿಸಿದ್ದು ಕಾಗದ. 1959ರ ಕಾಯ್ದೆಯ 13ನೇ ಕಲಂ ಓದಿದರೆ ಅಜ್ಜನ ಮಾತು ಅರ್ಥವಾಗುತ್ತದೆ. ಬೆಳೆ ಕಾಯಲು ಬಾಯಿಂದ ತುಂಬುವ ಬಂದೂಕು ಕೇಳಿದರೆ ಕಾಯ್ದೆ ಉದಾರ. ರೈಫಲ್ ಕೇಳಿದರೆ ಅಧಿಕಾರಿಗೆ ಒಪ್ಪಿಗೆಯಾಗುವ ಕಾರಣ ತೋರಿಸಬೇಕು. ಎರಡೆಕರೆ ಶೇಂಗಾ, ಒಂದೆಕರೆ ಸಜ್ಜೆ ಅಂಥ ಕಾರಣವಾಗುತ್ತಿರಲಿಲ್ಲ. ಕೊಡಗಿನ ಕಥೆ ಬೇರೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅಲ್ಲಿ ಕೈಲ್ ಪೊಳ್ದ್ ದಿನ ಬಂದೂಕಿಗೆ ಪೂಜೆ. ನಮ್ಮಲ್ಲಿ ಆಯುಧ ಪೂಜೆಗೆ ಕುಡುಗೋಲು, ಕುಂಟೆ, ನೇಗಿಲು.

ಅಜ್ಜನಿಗೆ ರೈಫಲ್ ಬೇಡವೆನಿಸಲು ಇನ್ನೊಂದು ಕಾರಣವೂ ಇತ್ತು, ಅದನ್ನು ನಾನು ಇಂದಿಗೂ ಒಪ್ಪುತ್ತೇನೆ. ಕೇಪಿನ ಬಂದೂಕಿನ ಚರೆ ಹೊಲದ ಬದು ದಾಟುವುದರೊಳಗೆ ಕಸುವು ಕಳೆದುಕೊಳ್ಳುತ್ತದೆ. .315ರ ಗುಂಡು ಗುರಿ ತಪ್ಪಿದರೆ ಕಿಲೋಮೀಟರಿನಾಚೆಯೂ ಜೀವ ತೆಗೆಯಬಲ್ಲದು. ನಮ್ಮದು ಬಂಡೆಗಳ ನಾಡು, ಬಂಡೆಗೆ ತಾಗಿದ ಗುಂಡು ಎತ್ತ ಹಾರುತ್ತದೆಂದು ಹೇಳಲಾಗದು. ಕತ್ತಲಲ್ಲಿ ಮೆಕ್ಕೆಜೋಳದ ನಡುವೆ ಅಲುಗಾಡಿದ್ದು ಹಂದಿಯೋ, ನೀರು ಕಟ್ಟಲು ಬಂದ ಪಕ್ಕದ ಹೊಲದವನೋ?

ಅಷ್ಟರಲ್ಲಿ ಬೇಟೆಯ ಕಾಲವೇ ಮುಗಿಯುತ್ತ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿ ಬೇಟೆಯ ಲೈಸೆನ್ಸು ಎಂಬುದನ್ನೇ ಬಹುಮಟ್ಟಿಗೆ ಅಳಿಸಿತು. ಬೇಟೆಗೆಂದು ಹುಟ್ಟಿದ .315ಕ್ಕೆ ಬೇಟೆಯೇ ಇಲ್ಲವಾಯಿತು. ಅದು ಮನೆ ಕಾವಲಿಗೆ, ಗೌಡರ ಬೀರುವಿಗೆ ಸರಿಯಿತು. ಪಕ್ಕದ ಸಂಡೂರಿನಲ್ಲಿ ರಾಜಮನೆತನದ ಎಂ.ವೈ. ಘೋರ್ಪಡೆಯವರು ಕ್ಯಾಮೆರಾ ಹಿಡಿದು ಕಾಡಿಗೆ ಹೋಗಿ ಪ್ರಾಣಿಗಳ ಕಪ್ಪುಬಿಳುಪು ಚಿತ್ರ ತೆಗೆದು ಹೆಸರಾದರು. 1994ರಲ್ಲಿ ದರೋಜಿ, 2013ರಲ್ಲಿ ನಮ್ಮ ತಾಲ್ಲೂಕಿನದೇ ಗುಡೇಕೋಟೆ ಕರಡಿಧಾಮಗಳಾದವು. ಗುಡೇಕೋಟೆಯ ಬಂಡೆ ಸಂದಿಯಿಂದ ಇಳಿಸಂಜೆ ಹೊತ್ತಿಗೆ ಮರಿಯನ್ನು ಬೆನ್ನ ಮೇಲೆ ಹೊತ್ತು ಇಳಿಯುವ ತಾಯಿ ಕರಡಿಯನ್ನು ಒಮ್ಮೆ ನೋಡಿದವನಿಗೆ, ಈ ಕಾಯ್ದೆಗಳು ಬಂದದ್ದು ಒಳ್ಳೆಯದಾಯಿತು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಹಾಗೆಂದು ರೈತನ ಸಂಕಟ ಸುಳ್ಳಲ್ಲ. ಹಂದಿಯ ಹಿಂಡು ಹೊಕ್ಕ ಮೆಕ್ಕೆಜೋಳದ ಹೊಲವನ್ನು ಬೆಳಿಗ್ಗೆ ಎದ್ದು ನೋಡಬೇಕು. ರೋಣಗಲ್ಲು ಉರುಳಿಸಿದ ಹಾಗೆ ಮಲಗಿರುತ್ತದೆ. ಬಂದೂಕು ಬಿಟ್ಟವರಲ್ಲಿ ಕೆಲವರು ಹಿಡಿದ ದಾರಿ ಬಂದೂಕಿಗಿಂತ ಘೋರ: ಬೈಕಿನ ಕ್ಲಚ್ ತಂತಿಯ ಉರುಳು, ಬೇಲಿಗೆ ಹರಿಸಿದ ಕರೆಂಟು, ಹಿಟ್ಟಿನುಂಡೆಯಲ್ಲಿ ಮುಚ್ಚಿಟ್ಟ ಸಿಡಿಮದ್ದು. ಅವಕ್ಕೆ ಹಂದಿ ಯಾವುದು, ಕರಡಿ ಯಾವುದು, ಚಿರತೆ ಯಾವುದು, ದನ ಕಾಯುವ ಹುಡುಗ ಯಾರು ಎಂದು ಗೊತ್ತಾಗುವುದಿಲ್ಲ. ಬೆಳೆ ಪರಿಹಾರದ ಹಣ ತಿಂಗಳೊಳಗೆ ಕೈಗೆ ಬಂದರೆ, ಸೋಲಾರ್ ಬೇಲಿಯ ಸಹಾಯಧನ ಸಣ್ಣ ಹಿಡುವಳಿದಾರನಿಗೂ ಸಿಕ್ಕರೆ ಈ ತಂತಿಗಳು ಹೊಲದಿಂದ ತಾನಾಗಿ ಮಾಯವಾಗುತ್ತವೆ ಎಂಬುದು ನನ್ನ ಗಟ್ಟಿ ನಂಬಿಕೆ. ಈಗಂತೂ ಹೊಲ ಕಾಯುವ ಮಂಚಿಕೆಯ ಮೇಲೆ ಬ್ಯಾಟರಿ ಮೈಕು ಕೂತಿದೆ. ನಾಯಿ ಬೊಗಳಿದ್ದು, ಮನುಷ್ಯರು ಹೋ ಎಂದು ಕೂಗಿದ್ದು ರೆಕಾರ್ಡಾಗಿ ರಾತ್ರಿಯಿಡೀ ತಿರುಗುತ್ತಿರುತ್ತದೆ.

ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸನ್ನು ಹೆಸರಿಗೆ ಮಾಡಿಸಿಕೊಳ್ಳಲು ಮನೆಯಲ್ಲಿ ಯಾರೂ ಮುಂದಾಗಲಿಲ್ಲ. ಅಪ್ಪ ಬಂದೂಕನ್ನು ಅದೇ ಪಂಚೆಯಲ್ಲಿ ಸುತ್ತಿಕೊಂಡು ಹೋಗಿ ಠಾಣೆಗೆ ಒಪ್ಪಿಸಿ, ಸಹಿ ಹಾಕಿ, ರಸೀದಿ ತಂದ. ಗಜ ಮಾತ್ರ ಮನೆಯಲ್ಲೇ ಉಳಿದಿತ್ತು. ಅವ್ವ ಅದರ ತುದಿಗೆ ಕೊಕ್ಕೆ ಕಟ್ಟಿಕೊಂಡಿದ್ದಾಳೆ, ಹಿತ್ತಲ ನುಗ್ಗೆಕಾಯಿ ಕೀಳಲು.